ನಮ್ಮತ್ತೆ ಮರಳು ಎರಚಿದ ದಿನಗಳು

ನಾನು ಅಜ್ಜಿಯಾದೆ. ಮೊದಲು ಈ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಯಾವುದೂ ನೆಟ್ಟಗೆ ಬರುವುದಿಲ್ಲ. ಮಗಳು ಶಾರದೆ ಹೆತ್ತಿದ್ದಾಳೆ. ಹೆಣ್ಣು ಮಗು. ಇವತ್ತು ಬೆಳಿಗ್ಗೆ ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಯಿಂದ ನಜರ್‌ಬಾದಿನ ನಮ್ಮ ಮನೆಗೆ ಆಟೋದಲ್ಲಿ ಕರೆದುಕೊಂಡು ಬಂದೆವು. ಆಟೋದವನಿಗೆ ಹೇಳಿದೆ. ಹಾಲಿನವನಿಗೆ ಹೇಳಿದೆ. ಕರೆಂಟ್ ಬಿಲ್ ಬರೆಯಲು ಬಂದವನಿಗೂ ಹೇಳಿದೆ. ಅವನು ಮೀಟರಿನ ಮೇಲಿಂದ ಕಣ್ಣು ತೆಗೆಯದೆ "ಸಂತೋಷ ಕಣಮ್ಮ" ಅಂದು ಬಿಲ್ ಕೊಟ್ಟು ಹೋದ. ಬಿಲ್ಲಿನಲ್ಲಿ ಆ ಸಂತೋಷ ಎಲ್ಲೂ ಕಾಣಲಿಲ್ಲ. ಈಗ ನಿಮಗೂ ಹೇಳಿದ್ದಾಯಿತು.

"ಬೀದಿ ಕೊನೆ ಮನೆಗೆ ಹೇಳಿದ್ಯಾ?" ಅಂತ ನಮ್ಮ ಯಜಮಾನರು ಕೇಳಿದರು.

"ಎರಡು ಸಲ ಹೇಳಿದ್ದೀನಿ," ಅಂದೆ.

"ಹಂಗಾದ್ರೆ ಇನ್ನು ಕೂತ್ಕೊ," ಅಂದರು. ಉದಯಗಿರಿಯಲ್ಲಿ ಸೈಕಲ್ ಅಂಗಡಿ ಇಟ್ಟಿರುವ ಮನುಷ್ಯ. ಇವತ್ತು ಅಂಗಡಿ ಬಾಗಿಲು ತೆಗೆದಿಲ್ಲ, ಆದರೆ ಅದು ಮೊಮ್ಮಗಳು ಬಂದದ್ದಕ್ಕೆ ಅಂತ ಒಪ್ಪುವುದಿಲ್ಲ. ಬೆನ್ನು ನೋವು ಅನ್ನುತ್ತಾರೆ. ಆ ಬೆನ್ನು ನೋವಿನಲ್ಲೇ ಬೆಳಗಿನಿಂದ ತೊಟ್ಟಿಲ ಮೇಲೆ ಬಗ್ಗಿದವರು ಮಧ್ಯಾಹ್ನವಾದರೂ ಎದ್ದಿಲ್ಲ.

ನಾನು ಕೂತೆ. ಕೂತದ್ದು ಮಗುವಿನ ಪಕ್ಕದಲ್ಲಿ. ಕಿಟಕಿಯ ಪರದೆ ಸ್ವಲ್ಪ ಸರಿದು ಬಿಸಿಲು ಮಗುವಿನ ಮುಖದ ಮೇಲೆ ಬಿತ್ತು. ಅದು ಕಣ್ಣು ಮುಚ್ಚಿದ್ದು ಹೇಗೆ ಅಂತೀರಿ. ಬರೀ ರೆಪ್ಪೆ ಮುಚ್ಚಲಿಲ್ಲ, ಹಣೆ, ಮೂಗು, ಕೆನ್ನೆ ಎಲ್ಲವನ್ನೂ ಒಟ್ಟಿಗೆ ಎಳೆದುಕೊಂಡು, ಹುಳಿ ಹಿಂಡಿದ ಹುಣಸೆಹಣ್ಣಿನ ಹಾಗೆ ಮಾಡಿಕೊಂಡಿತು. ಆಚೆ ಬದಿಯಲ್ಲಿ ಕೂತಿದ್ದ ನಂಜಮ್ಮ ಅದನ್ನು ನೋಡಿ, "ಅಕ್ಕ, ಇವಳು ನಮ್ಮ ಗಣಿಗೆ ಬಂದಿದ್ದೋಳ ಥರಾನೇ ಮುಚ್ತಾಳೆ," ಅಂದಳು. ನಮ್ಮಿಬ್ಬರಿಗೂ ನಗು ತಡೆಯಲಾಗಲಿಲ್ಲ. ಮಗು ಎದ್ದೇಳುತ್ತೆ ಅಂತ ಶಾರದೆ ನಮ್ಮಿಬ್ಬರನ್ನೂ ಹೊರಗೆ ಕಳಿಸಿದಳು.

ನಂಜಮ್ಮ ನನ್ನ ಅಳಿಯನ ತಾಯಿ, ಅಂದರೆ ಬೀಗಿತ್ತಿ. ಬೀಗಿತ್ತಿಯಾಗುವ ಎಷ್ಟೋ ವರ್ಷ ಮೊದಲಿಂದ ನಾವಿಬ್ಬರೂ ಒಂದೇ ಗಣಿಯಲ್ಲಿ ಪಕ್ಕಪಕ್ಕದಲ್ಲಿ ಕೂತು ಕಲ್ಲು ಒಡೆದವರು. ನಾನು ಮೂರನೇ ಕ್ಲಾಸಿನ ತನಕ ಓದಿದವಳು, ಅವಳು ಎರಡನೇ ಕ್ಲಾಸಿನ ತನಕ. ಈ ವಿಚಾರದಲ್ಲಿ ನನ್ನದು ಒಂದು ಕೈ ಮೇಲು. ಅದಕ್ಕೇ ಇದನ್ನು ನಾನು ಬರೆಯುತ್ತಿದ್ದೇನೆ, ಅವಳು ಜಗಲಿಯ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಾಳೆ.

ಆ ಗಣಿ ನಂಜನಗೂಡು ರಸ್ತೆಯಲ್ಲಿ ಹೋಗಿ ಒಳಕ್ಕೆ ತಿರುಗಿದ ಕಡೆ ಇತ್ತು. ಬಿಳಿಕಲ್ಲಿನ ಗಣಿ. ದೊಡ್ಡ ದೊಡ್ಡ ಕುಲುಮೆಗಳ ಒಳಗೋಡೆಗೆ ಇಟ್ಟಿಗೆ ಮಾಡಲು ಆ ಕಲ್ಲು ಬೇಕಂತೆ. ಎಲ್ಲಿಯ ಕುಲುಮೆ, ಯಾರ ಕುಲುಮೆ, ನಮಗೆ ಗೊತ್ತಿಲ್ಲ. ಕೆಳಗೆ ಗುಂಡಿಯಲ್ಲಿ ಗಂಡಸರು ಮದ್ದು ಇಟ್ಟು ಸಿಡಿಸಿ ಕಲ್ಲು ಕೀಳುತ್ತಿದ್ದರು. ಮೇಲೆ ಚಪ್ಪರದ ಕೆಳಗೆ ನಾವು ಹೆಂಗಸರು, ನಲವತ್ತು ಚಿಲ್ಲರೆ ಜನ, ಕಾಲು ಚಾಚಿಕೊಂಡು ಸಾಲಾಗಿ ಕೂತು, ಆ ಬಿಳಿಕಲ್ಲಿಗೆ ಅಂಟಿಕೊಂಡು ಬಂದ ಕಪ್ಪು ಕಲ್ಲನ್ನು ಚಿಕ್ಕ ಸುತ್ತಿಗೆಯಲ್ಲಿ ಒಡೆದು ತೆಗೆಯಬೇಕು. ಎಡಗೈಯಲ್ಲಿ ಕಲ್ಲು, ಬಲಗೈಯಲ್ಲಿ ಸುತ್ತಿಗೆ. ಬೆಳ್ಳಗಾದ ಕಲ್ಲನ್ನು ಮರದ ಪೆಟ್ಟಿಗೆಗೆ ತುಂಬಬೇಕು. ಕೂಲಿ ಪೆಟ್ಟಿಗೆ ಲೆಕ್ಕದಲ್ಲಿ.

ಒಂದೊಂದು ಏಟಿಗೂ ಚೂರು ಹಾರುತ್ತದೆ. ಆ ಚೂರಿಗೆ ಕಣ್ಣೆಂದರೆ ಬಹಳ ಇಷ್ಟ. ನಮ್ಮತ್ತೆ ಚಿಕ್ಕತಾಯಮ್ಮನವರ ಬಲಗಣ್ಣು ಹಾಗೇ ಹೋದದ್ದು, ಅವರು ಕೆಲಸಕ್ಕೆ ಸೇರಿದ ಹೊಸದರಲ್ಲಿ. ಆಮೇಲೆ ಅವರೇ ಒಂದು ದಾರಿ ಕಂಡುಕೊಂಡರು. ಕಲ್ಲನ್ನು ನೋಡು, ಸುತ್ತಿಗೆ ಎತ್ತು, ಕಣ್ಣು ಮುಚ್ಚು, ಹೊಡಿ, ಕಣ್ಣು ಬಿಡು. ಹೊಸದಾಗಿ ಬಂದ ಪ್ರತಿಯೊಬ್ಬಳಿಗೂ ಅವರೇ ಇದನ್ನು ಎದುರಿಗೆ ಕೂರಿಸಿಕೊಂಡು ಕಲಿಸುತ್ತಿದ್ದರು. ನಾನು ಮದುವೆಯಾಗಿ ಬಂದ ಎರಡನೇ ತಿಂಗಳಿಗೆ ನನಗೂ ಪಾಠವಾಯಿತು.

"ಮುಚ್ಕೊಂಡು ಹೊಡುದ್ರೆ ಬೆರಳ ಮೇಲೆ ಬೀಳ್ತದಲ್ಲ ಅತ್ತೆಮ್ಮ?" ಅಂತ ಕೇಳಿದೆ.

"ಬೀಳ್ತದೆ," ಅಂದರು. "ಕಣ್ಣು ಎರಡೇ ಕಣೇ. ಬೆರಳು ಹತ್ತವೆ."

ಆ ಲೆಕ್ಕದಲ್ಲಿ ನನಗೆ ತಪ್ಪೇನೂ ಕಾಣಲಿಲ್ಲ. ನಾವೆಲ್ಲರೂ ಅದೇ ಲೆಕ್ಕದಲ್ಲಿ ಬದುಕಿದೆವು. ಕಣ್ಣುಗಳು ಉಳಿದವು. ಉಗುರುಗಳು ಹೋದವು, ಬಂದವು, ಕೆಲವು ಹೋದವು ಮತ್ತೆ ಬರಲಿಲ್ಲ. ಯಾವ ದಿನ ನೋಡಿದರೂ ನಮ್ಮಲ್ಲಿ ಐದಾರು ಜನ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮನೆಯಲ್ಲಿರುತ್ತಿದ್ದರು. ಅದನ್ನು ಯಾರೂ ಅಪಘಾತ ಅನ್ನುತ್ತಿರಲಿಲ್ಲ. "ಅವಳಿಗೆ ಬೆರಳು," ಅನ್ನುತ್ತಿದ್ದೆವು, ಅಷ್ಟೇ. ಬೇರೆಯವರು ಅವಳಿಗೆ ಜ್ವರ ಅನ್ನುವುದಿಲ್ಲವೇ, ಹಾಗೆ.

ಹಳೆಯ ಮ್ಯಾನೇಜರು ಅಪರೂಪಕ್ಕೆ ಚಪ್ಪರದ ತನಕ ಬಂದು, ಧೂಳು ಜಾಸ್ತಿ ಅಂತ ಹಿಂದಕ್ಕೆ ಹೋಗುತ್ತಿದ್ದರು. ಧೂಳು ಜಾಸ್ತಿ ಎನ್ನುವುದು ನಮಗೂ ಗೊತ್ತಿತ್ತು. ಅವರು ನಿವೃತ್ತರಾದರು. ಹಾರ ಹಾಕಿದೆವು. ಅವರ ಜಾಗಕ್ಕೆ ಚಿತ್ರದುರ್ಗದ ಕಡೆಯಿಂದ ಪರಶಿವಪ್ಪ ಅಂತ ಒಬ್ಬರು ಬಂದರು. ತೊಂಬತ್ತರ ದಶಕದ ನಡುವಿನ ಮಾತು, ಶಾರದೆ ಆಗ ಏಳನೇ ಕ್ಲಾಸು. ಹಣೆಗೆ ವಿಭೂತಿ, ಕಾಲಿಗೆ ದಪ್ಪ ಬೂಟು, ಸಣಕಲು ಮೈ. ಸಿದ್ಧಾರ್ಥನಗರದಲ್ಲಿ ಬಾಡಿಗೆ ಮನೆ ಮಾಡಿ ಸ್ಕೂಟರಿನಲ್ಲಿ ಗಣಿಗೆ ಬರುತ್ತಿದ್ದರು.

ಬಂದ ದಿನವೇ ಗಂಡಸರು ಹೆಂಗಸರು ಎಲ್ಲರನ್ನೂ ಸೇರಿಸಿ ಮಾತಾಡಿದರು. "ಇನ್ನು ಮೇಲೆ ಇಲ್ಲಿ ನಾನು ಮೊದಲು ನೋಡೋದು, ಬೆಳಿಗ್ಗೆ ಎಷ್ಟು ಜನ ಬಂದ್ರಿ, ಸಂಜೆ ಎಷ್ಟು ಜನ ಬಂದ ಹಾಗೇ ವಾಪಸ್ ಹೋದ್ರಿ ಅಂತ. ಎಷ್ಟು ಕಲ್ಲು ಹೋಯ್ತು ಅನ್ನೋದು ಆಮೇಲೆ," ಅಂದರು. ನಮಗೆ ಅರ್ಥವಾಯಿತು. ಹೊತ್ತಿಗೆ ಮುಂಚೆ ತಪ್ಪಿಸಿಕೊಂಡು ಹೋಗುವವರನ್ನು ಹಿಡಿಯಲು ಬಂದಿದ್ದಾರೆ ಅಂದುಕೊಂಡೆವು. ಆ ದಿನ ಯಾರೂ ನೀರು ಕುಡಿಯಲು ಕೂಡ ಎದ್ದು ಹೋಗಲಿಲ್ಲ.

ಆಮೇಲೆ ಚಪ್ಪರಕ್ಕೆ ಬಂದು ನಮ್ಮ ಎದುರು ನಿಂತರು. ನಲವತ್ತು ಜನ ಹೆಂಗಸರು ಸುತ್ತಿಗೆ ಎತ್ತಿ ಕಣ್ಣು ಮುಚ್ಚುವುದು, ಬಿಡುವುದು, ಮತ್ತೆ ಮುಚ್ಚುವುದು. ಬಹಳ ಹೊತ್ತು ನೋಡಿ ಮೆಲ್ಲಗೆ ಕೇಳಿದರು, "ಏನಮ್ಮ, ಪ್ರತಿ ಏಟಿಗೂ ದೇವರನ್ನ ನೆನೀತೀರಾ?"

ಹೌದು ಅಂದುಬಿಟ್ಟಿದ್ದರೆ ಒಳ್ಳೆಯ ಹೆಸರು ಬರುತ್ತಿತ್ತು. ನಂಜಮ್ಮ ಇದ್ದದ್ದನ್ನು ಹೇಳಿದಳು. ಅವರು ಅವಳ ಎಡಗೈ ನೋಡಿದರು, ನನ್ನ ಎಡಗೈ ನೋಡಿದರು, ಹಾಗೇ ಸಾಲು ಪೂರ್ತಿ ಎಲ್ಲರ ಎಡಗೈಯನ್ನೂ ನೋಡುತ್ತಾ ಹೋದರು. ಮದುವೆಗೆ ಬಳೆ ತೊಡಿಸುವವನು ಕೂಡ ಅಷ್ಟು ಗಮನವಿಟ್ಟು ನಮ್ಮ ಕೈ ನೋಡಿರಲಿಲ್ಲ.

ಗಂಡಸರ ಕಡೆ ಅವರ ಕೆಲಸ ಬೇಗ ಹತ್ತಿತು. ಮದ್ದು ಸಿಡಿಸುವ ಮುಂಚೆ ಸೈರನ್ ಹಾಕಿಸಿದರು, ಗುಂಡಿಯೊಳಗೆ ಯಾರೂ ಉಳಿದಿಲ್ಲ ಅಂತ ತಾವೇ ಇಳಿದು ನೋಡುತ್ತಿದ್ದರು. ಗುಂಡಿಯ ಬಿರುಕು ಬಿಟ್ಟ ಕಲ್ಲುಗೋಡೆಯ ಕೆಳಗೆ ಬುತ್ತಿ ಬಿಚ್ಚಿದವನನ್ನು ಅಲ್ಲಿಂದ ಎಬ್ಬಿಸಿ, ಬುತ್ತಿಯನ್ನು ತಾವೇ ಎತ್ತಿಕೊಂಡು ಬಂದು ಮರದ ನೆರಳಲ್ಲಿ ಇಟ್ಟರು. ನಮ್ಮ ಕಡೆಗೆ ಗಾಗಲ್ಸ್ ಬಂತು. ಮುಖಕ್ಕೆ ಒತ್ತಿ ಕೂರುವ, ಹಿಂದೆ ಎಲಾಸ್ಟಿಕ್ ಇರುವ ದಪ್ಪ ಗಾಗಲ್ಸ್. ಮೊದಲ ದಿನ ಕೆಲಸವೇ ಆಗಲಿಲ್ಲ, ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತೆವು. ಸಂಜೆ ಮನೆಗೆ ತಂದೆ. ನಮ್ಮ ಯಜಮಾನರು ಮಾರನೆಯ ದಿನ ಅದನ್ನು ಹಾಕಿಕೊಂಡು ಉದಯಗಿರಿಗೆ ಸೈಕಲಿನಲ್ಲಿ ಹೋದರು. "ಒಂದ್ ಚೂರೂ ಧೂಳು ಬರಲ್ಲ ಕಣೇ," ಅಂದರು. ಹೀಗೆ ಇನ್ನೂ ಹಲವರ ಗಂಡಂದಿರಿಗೆ ಧೂಳು ಬರಲಿಲ್ಲ. ಆ ವಾರದಿಂದ ಗಾಗಲ್ಸನ್ನು ಗಣಿಯಲ್ಲೇ ಬಿಟ್ಟು ಬರಬೇಕು ಅಂತಾಯಿತು.

ನೀವು ಕತೆ ಮುಗಿಯಿತು ಅಂದುಕೊಳ್ಳುತ್ತೀರಿ. ಪರಶಿವಪ್ಪನವರೂ ಹಾಗೇ ಅಂದುಕೊಂಡರು. ಎಲ್ಲರೂ ಗಾಗಲ್ಸ್ ಹಾಕಿದ್ದೇವೆ, ಕಣ್ಣಿಗೆ ಭಯವಿಲ್ಲ, ಇನ್ನು ನೋಡಿಕೊಂಡು ಹೊಡೆಯುತ್ತೇವೆ, ಬೆರಳೂ ಉಳಿಯುತ್ತದೆ ಅಂತ. ಆದರೆ ಬೆರಳುಗಳು ಮೊದಲಿನ ಹಾಗೇ ಜಜ್ಜಿಹೋಗುತ್ತಿದ್ದವು. ಅವರಿಗೆ ಬಗೆಹರಿಯಲಿಲ್ಲ. ಒಂದು ದಿನ ನನ್ನ ಎದುರು ನೆಲದ ಮೇಲೇ ಕೂತು, ನನ್ನ ಗಾಗಲ್ಸ್ ತೆಗೆಸಿ, ತಮ್ಮ ಕರವಸ್ತ್ರದಲ್ಲಿ ಧೂಳು ಒರೆಸಿ, ಮತ್ತೆ ಹಾಕಿಸಿ, ಹೊಡೀರಿ ಅಂದರು. ಹೊಡೆದೆ.

"ಅಮ್ಮ, ನೀವು ಕಣ್ಣು ಮುಚ್ಚಿದ್ರಿ."

"ಇಲ್ಲ ಸ್ವಾಮಿ."

"ನೀವು ಹೊಡೆಯೋವಾಗ ಕಲ್ಲಿನ ಪಕ್ಕದಲ್ಲಿ ನಾನು ಬೆರಳು ತೋರಿಸಿದೆ. ಎಷ್ಟು ಬೆರಳು?"

ಅವರು ಬೆರಳು ತೋರಿಸಿದ್ದೇ ನನಗೆ ಗೊತ್ತಿರಲಿಲ್ಲ. ನಂಜಮ್ಮನಿಗೂ ಗೊತ್ತಾಗಲಿಲ್ಲ. ಸಾಲಿನಲ್ಲಿ ಒಬ್ಬಳಿಗೂ ಗೊತ್ತಾಗಲಿಲ್ಲ. ಗಾಜಿನ ಹಿಂದೆ ನಲವತ್ತು ಜನರೂ ಕಣ್ಣು ಮುಚ್ಚಿಕೊಂಡೇ ಹೊಡೆಯುತ್ತಿದ್ದೆವು. ಬೇಕೆಂದು ಅಲ್ಲ. ಸುತ್ತಿಗೆ ಇಳಿದರೆ ರೆಪ್ಪೆಯೂ ಇಳಿಯುತ್ತಿತ್ತು, ಎರಡಕ್ಕೂ ಒಂದೇ ದಾರ ಕಟ್ಟಿದ ಹಾಗೆ. ಧೂಳು ಕೂತ ಗಾಜಿನಲ್ಲಿ ಅದು ಹೊರಗಿನವರಿಗೆ ಕಾಣುತ್ತಿರಲಿಲ್ಲ, ಅಷ್ಟೇ.

ಅಲ್ಲಿಂದ ಆ ಮನುಷ್ಯ ದಿನಾ ಸಾಲಿನ ಎದುರು ಕೂತು ಬೆರಳು ತೋರಿಸತೊಡಗಿದರು. ಒಂದು ಗಣಿಯ ಮ್ಯಾನೇಜರು, ಬೂಟು ಹಾಕಿಕೊಂಡು, ಹೆಂಗಸರಿಗೆ "ಎಷ್ಟು? ಈಗ ಎಷ್ಟು?" ಅಂತ ಕೇಳುವುದು. ನಾವು ಬಾಯಿಗೆ ಬಂದದ್ದು ಹೇಳುವುದು. ಕಣ್ಣು ಬಿಡಲೇಬೇಕು ಅಂತ ಹಟ ಹಿಡಿದರೆ ಕೈ ನಿಲ್ಲುತ್ತಿತ್ತು. ಪೆಟ್ಟಿಗೆ ತುಂಬುವುದು ಅರ್ಧಕ್ಕೆ ಇಳಿಯಿತು.

ಮಾಲೀಕರು ಬೆಂಗಳೂರಿನಿಂದ ಕಾರಿನಲ್ಲಿ ಬಂದರು. ಇಳಿಯದೆ ಕಿಟಕಿ ಇಳಿಸಿ ಮಾತಾಡಿದರು. ಆಯುಧಪೂಜೆಯ ಹೊತ್ತಿಗೆ ಪೆಟ್ಟಿಗೆಗಳು ಮೊದಲಿನಷ್ಟೇ ಆಗಬೇಕು, ಇಲ್ಲದಿದ್ದರೆ ಹೆಂಗಸರ ಕೆಲಸವನ್ನು ಗುತ್ತಿಗೆಗೆ ಕೊಡುವುದು, ಮ್ಯಾನೇಜರು ಬೇರೆ ಕಡೆ ಕೆಲಸ ನೋಡಿಕೊಳ್ಳುವುದು. ಗುತ್ತಿಗೆಯವನು ಯಾರು ಅಂತ ನಮಗೆ ಗೊತ್ತಿತ್ತು. ಅವನು ಪಕ್ಕದ ಗಣಿಯಲ್ಲಿ ಅದೇ ಕೆಲಸ ಹಿಡಿದಿದ್ದ. ಒಂದು ಪೆಟ್ಟಿಗೆಗೆ ನಮಗಿಂತ ಬಹಳ ಕಡಿಮೆ ಕೊಡುತ್ತಿದ್ದ. ಅಲ್ಲಿ ಒಬ್ಬಳ ದುಡಿಮೆ ಸಾಲದೆ ತಾಯಿಯ ಪಕ್ಕದಲ್ಲಿ ಮಗಳೂ ಕೂರುತ್ತಿದ್ದಳು. ಅವನು ಯಾರ ವಯಸ್ಸನ್ನೂ ಕೇಳುತ್ತಿರಲಿಲ್ಲ.

ಆ ಸಂಜೆ ಮನೆಯಲ್ಲಿ ಇದನ್ನು ಹೇಳಿದೆ. ಅತ್ತೆ ಎದ್ದು ಹೋಗಿ ಅಟ್ಟದಿಂದ ತಮ್ಮ ಹಳೆಯ ಸುತ್ತಿಗೆ ಇಳಿಸಿದರು. ಕೆಲಸ ಬಿಟ್ಟು ಎರಡು ವರ್ಷವಾಗಿತ್ತು ಅವರಿಗೆ. ಹಿಡಿ ಸವೆದು ಸಣ್ಣಗಾಗಿತ್ತು. ಅದನ್ನು ಸೆರಗಿನಲ್ಲಿ ಒರೆಸಿ, "ಮಗೀನ ಕೈಗೆ ಸರಿಯಾಯ್ತದೆ," ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಹೊಸ ಲಂಗ ತಂದು ಅಳತೆ ನೋಡಿದ ಹಾಗೆ ಹೇಳಿದರು. ಶಾರದೆ ದೀಪದ ಹತ್ತಿರ ಲೆಕ್ಕ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. ಯಜಮಾನರು ಊಟ ಬಿಟ್ಟು ಎದ್ದರು. ಬೆನ್ನು ನೋವು ಅಂದರು.

ಮಾರನೆಯ ದಿನ ಗಣಿಯ ಲಾರಿಯಲ್ಲಿ ಕೆಲಸಕ್ಕೆ ಹೋಗುವಾಗ ನಂಜಮ್ಮ ಒಂದು ಉಪಾಯ ಹೇಳಿದಳು. ಇವತ್ತಿಗೂ ಅದನ್ನು ಅವಳ ಎದುರು ಹೇಳಿದರೆ ಮಾತು ತಿರುಗಿಸುತ್ತಾಳೆ.

"ಸಾಹೇಬ್ರು ಉಳೀಬೇಕು ತಾನೇ? ಪೆಟ್ಗೆ ತುಂಬ್ಬೇಕು ತಾನೇ? ಮುಚ್ಕೊಂಡೇ ಹೊಡ್ಯಾನ. ಗಾಜಿನ ಮೇಲೆ ಒಸಿ ಧೂಳು ಬಳ್ಕಂಡ್ರೆ ಯಾರಿಗ್ ಕಂಡಾತು?"

"ಕಣ್ಣು ಬಿಡ್ರಿ ಅಂತ ಆವಯ್ಯ ಬಾಯ್ ಬಡ್ಕೊತಾವ್ರೆ," ಅಂದಳು ಇನ್ನೊಬ್ಬಳು.

"ಅವ್ರು ಇದ್ರೆ ತಾನೇ ಬಡ್ಕೊಳದು," ಅಂದಳು ನಂಜಮ್ಮ.

ಲಾರಿ ಪೂರ್ತಿ ಒಪ್ಪಿತು. ಕಣ್ಣು ತೆರೆಸಲು ಬಂದವರನ್ನು ಉಳಿಸಿಕೊಳ್ಳಲು ನಾವೆಲ್ಲ ಕಣ್ಣು ಮುಚ್ಚಿಕೊಂಡೆವು. ಪೆಟ್ಟಿಗೆಗಳು ಏರಿದವು. ಬೆರಳು ತೋರಿಸಿದಾಗ ಸಾಲಿನ ತುದಿಯವಳು ಏಟು ನಿಲ್ಲಿಸಿ, ಕೆಮ್ಮುತ್ತಾ ಲೆಕ್ಕ ಹೇಳಿಕೊಡುತ್ತಿದ್ದಳು. ಎರಡಕ್ಕೆ ಎರಡು ಕೆಮ್ಮು, ಮೂರಕ್ಕೆ ಮೂರು. ಪರಶಿವಪ್ಪನವರ ಮುಖ ಅರಳಿತು. ಆ ಕೆಮ್ಮುವವಳಿಗೆ ಶುಂಠಿ ಕಷಾಯ ಕುಡೀರಿ ಅಂತ ಮಾತ್ರ ಹೇಳಿದರು.

ಮೂರನೆಯ ದಿನ ನಂಜಮ್ಮನ ಸುತ್ತಿಗೆ ಅವಳ ಹೆಬ್ಬೆರಳಿನ ಮೇಲೆ ಬಿತ್ತು. ಎಂದಿನ ಹಾಗೆ ಅಲ್ಲ. ನಾವು ಅವಸರದಲ್ಲಿ ಜೋರಾಗಿ ಹೊಡೆಯುತ್ತಿದ್ದೆವು. ಅವಳು ಕೂಗಲಿಲ್ಲ. ಕಲ್ಲನ್ನು ಕೆಳಗಿಟ್ಟು, "ಅಕ್ಕ, ಇದ ನೋಡು," ಅಂದಳು. ನೋಡಿದೆ. ಇನ್ನೊಂದು ಸಲ ನೋಡಲಾಗಲಿಲ್ಲ.

ಪರಶಿವಪ್ಪನವರು ಅವಳನ್ನು ಗಣಿಯ ಜೀಪಿನಲ್ಲಿ ಕೂರಿಸಿಕೊಂಡು ತಾವೇ ಆಸ್ಪತ್ರೆಗೆ ಓಡಿಸಿದರು. ಸಂಜೆ ನಮ್ಮ ಲಾರಿ ಹೊರಡುವ ಹೊತ್ತಿಗೆ ವಾಪಸ್ ಬಂದರು. ದಾರಿಯಲ್ಲಿ ನಂಜಮ್ಮ ಎಲ್ಲವನ್ನೂ ಹೇಳಿಬಿಟ್ಟಿದ್ದಳು. ಖಾಲಿ ಪೆಟ್ಟಿಗೆಯೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತರು.

"ಯಾಕಮ್ಮ ಹೀಗೆ ಮಾಡಿದ್ರಿ?"

"ನಿಮ್ಮನ್ನ ಉಳಿಸ್ಕೊಳಕ್ಕೆ ಸ್ವಾಮಿ," ಅಂದಳು ಕೆಮ್ಮುತ್ತಿದ್ದವಳು. ಈಗ ಅವಳಿಗೆ ಕೆಮ್ಮು ಇರಲಿಲ್ಲ.

"ನನ್ನ ಕೆಲಸಕ್ಕೆ ಇನ್ನೊಬ್ಬ ಬರ್ತಾನೆ. ಆ ಹೆಬ್ಬೆರಳಿಗೆ ಇನ್ನೊಂದು ಬರಲ್ಲ," ಅಂದರು. ಬೈಯಲಿಲ್ಲ. ಬೈದಿದ್ದರೆ ನಮಗೆ ಸುಲಭವಾಗುತ್ತಿತ್ತು. ಆ ರಾತ್ರಿಯೇ ಮಾಲೀಕರಿಗೆ ಫೋನು ಮಾಡಿ, ಏರಿದ ಪೆಟ್ಟಿಗೆಗಳು ಕಣ್ಣು ಮುಚ್ಚಿ ತುಂಬಿದವು, ಅವನ್ನು ಗಣನೆಗೆ ತಗೋಬೇಡಿ ಅಂತ ತಾವೇ ಹೇಳಿದರಂತೆ. ಇಂಥವರನ್ನು ಉಳಿಸಿಕೊಳ್ಳುವುದು ಎಷ್ಟು ಕಷ್ಟ ನೋಡಿ.

ಆ ಭಾನುವಾರ ಅವರ ಸ್ಕೂಟರು ನಮ್ಮ ಗಲ್ಲಿಗೆ ಬಂತು. ಅತ್ತೆ ಜಗಲಿಯ ಮೇಲೆ ಮೊರ ಇಟ್ಟುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದರು. ನಾನು ಕಾಫಿಗೆ ಒಳಗೆ ಹೋದೆ, ಆದರೆ ಕಿವಿಯನ್ನು ಹೊರಗೇ ಬಿಟ್ಟು ಹೋಗಿದ್ದೆ.

"ನೀವೇ ತಾನೇ ತಾಯಿ, ಇವರಿಗೆಲ್ಲ ಕಣ್ಣು ಮುಚ್ಚಿ ಹೊಡೆಯೋದು ಕಲಿಸಿದ್ದು?"

"ನಾನೇ. ಏನ್ ಸಾಹೇಬ್ರೆ, ತಪ್ಪಾ?"

"ತಪ್ಪಲ್ಲ. ಆವಾಗ ಗಾಗಲ್ಸ್ ಇರಲಿಲ್ಲ. ಕಣ್ಣು ಉಳಿಸಿದ್ರಿ. ಆದರೆ ನಾನು ಹೇಳಿದ್ರೆ ಇವರ ರೆಪ್ಪೆ ಕೇಳ್ತಾ ಇಲ್ಲ. ನೀವು ಹೇಳಿದ್ದು ಅಷ್ಟು ಗಟ್ಟಿಯಾಗಿ ಕೂತಿದೆ. ನೀವೇ ಬಂದು ಬಿಡಿಸಬೇಕು."

ಅತ್ತೆ ಒಂದು ಕಲ್ಲು ಹುಡುಕಿ ಅಂಗಳಕ್ಕೆ ಎಸೆದರು. "ಬಂದ್ರೆ ಏನ್ ಕೊಡ್ತೀರಿ?"

"ದಿನಗೂಲಿ."

"ಲಾರೀಲಿ ಮುಂದ್ಗಡೆ ಸೀಟು?"

"ಕೊಡಿಸ್ತೀನಿ."

"ನೀವು ಅಲ್ಲಿ ನಿಂತಿರಬಾರ್ದು. ಗಂಡಸ್ರ ಎದುರ್ಗೆ ನಾನು ಸೊಸೇನ ಬಯ್ಯಲ್ಲ."

ಇದು ನನಗೆ ಹೊಸ ವಿಚಾರವಾಗಿತ್ತು. ಒಳಗೆ ಹಾಲು ಉಕ್ಕಿ ಒಲೆಗೆ ಬಿತ್ತು.

ಸೋಮವಾರ ಅತ್ತೆ ಲಾರಿಯ ಮುಂದಿನ ಸೀಟಿನಲ್ಲಿ ಕೂತು ಬಂದರು. ಚಪ್ಪರದ ಕೆಳಗೆ ನಮ್ಮ ಎದುರಿಗೆ ಮಣೆ ಹಾಕಿಸಿಕೊಂಡು, ಪಕ್ಕದಲ್ಲಿ ಜರಡಿ ಹಿಡಿದ ನುಣ್ಣನೆಯ ಮರಳು ಒಂದು ಬುಟ್ಟಿ ಇಟ್ಟುಕೊಂಡರು. ಎಲ್ಲರ ಗಾಗಲ್ಸನ್ನೂ ತೊಳೆಸಿದರು. ಮಂಕರಿ ತುಂಬ ಕಲ್ಲಿದ್ದರೂ ಮುಟ್ಟಬೇಡಿ ಅಂದರು. ಬರೀ ಸುತ್ತಿಗೆ ಎತ್ತಿ ಮಣ್ಣಿನ ಮೇಲೆ ಹೊಡೆಯುವುದು. ಹೊಡೆಯುವ ಹೊತ್ತಿಗೆ ಸರಿಯಾಗಿ ಅತ್ತೆ ಒಂದು ಹಿಡಿ ಮರಳನ್ನು ನಮ್ಮ ಮುಖದ ಮೇಲೆ, ಗಾಜಿನ ಮೇಲೆ, ಎರಚುವುದು. ಮುಚ್ಚಿದರೆ ಇನ್ನೊಂದು ಹಿಡಿ.

ಮೊದಲಿಗೆ ನನ್ನನ್ನೇ ಕೂರಿಸಿದರು. ಎರಚಿದರು. ಮುಚ್ಚಿದೆ. ಎರಚಿದರು. ಮುಚ್ಚಿದೆ.

"ಬಿಡೇ ಕಣ್ಣ."

"ಬುಟ್ಟೇ ಇವ್ನಿ ಅತ್ತೆಮ್ಮ."

"ಬುಟ್ಟಿದ್ರೆ ನನ್ ಮಖ ಎಂಗದೆ ಹೇಳು."

"ಯಾವಾಗ್ಲೂ ಎಂಗಿದ್ದದೋ ಅಂಗೇ ಅದೆ."

ಅದಕ್ಕೆ ಸಿಕ್ಕಿದ್ದು ಎರಡು ಹಿಡಿ. ಪಕ್ಕದಲ್ಲಿ ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬಂದು ಸುಮ್ಮನೆ ನೋಡುತ್ತಿದ್ದ ನಂಜಮ್ಮ, "ಚಿಕ್ಕತಾಯವ್ವ, ನಿಮ್ ಸೊಸೆಗ್ ಮಾತ್ರ ದೊಡ್ ಹಿಡಿ ಎರಚ್ತೀರಿ," ಅಂದಳು.

"ನಮ್ಮನೇವಳು ಕಣೇ," ಅಂದರು ಅತ್ತೆ. "ಕಮ್ಮಿ ಹಾಕಿದ್ರೆ ಬೇಜಾರ್ ಮಾಡ್ಕೊತಾಳೆ."

ಹೀಗೆ ನಮ್ಮತ್ತೆ ಸೊಸೆಯ ಮುಖಕ್ಕೆ ಮರಳು ಎರಚಿ ಕಂಪನಿಯಿಂದ ದಿನಗೂಲಿ ತೆಗೆದುಕೊಂಡರು. ನಮ್ಮ ಬೀದಿಯಲ್ಲೇ ಇದನ್ನು ಪುಕ್ಕಟೆ ಮಾಡಲು ತಯಾರಿದ್ದ ಅತ್ತೆಯರಿದ್ದರು. ಅವರೆಲ್ಲ ಸಂಜೆ ಬಂದು, ಇನ್ನೂ ಜನ ಬೇಕಾ ಅಂತ ವಿಚಾರಿಸಿಕೊಂಡು ಹೋದರು.

ಆದರೆ ನೋಡಿ, ಮರಳು ಕೆಲಸ ಮಾಡಿತು. ಒಂದೊಂದಾಗಿ ರೆಪ್ಪೆಗಳಿಗೆ ಬುದ್ಧಿ ಬಂತು. ಮರಳು ಬಂದು ಗಾಜಿಗೆ ತಾಗಿ ಕೆಳಗೆ ಬೀಳುತ್ತದೆ, ಒಳಗೆ ಬರುವುದಿಲ್ಲ. ಇದನ್ನು ನಮ್ಮ ತಲೆಗೆ ಪರಶಿವಪ್ಪನವರು ಮೊದಲ ದಿನವೇ ಹೇಳಿದ್ದರು. ರೆಪ್ಪೆಗೆ ಯಾರೂ ಹೇಳಿರಲಿಲ್ಲ. ಅದಕ್ಕೆ ನೂರಾರು ಸಲ ಮಾಡಿ ತೋರಿಸಬೇಕಾಯಿತು. ವಾರ ಕಳೆಯುವಷ್ಟರಲ್ಲಿ ಹೆಚ್ಚಿನವರು ಕಲ್ಲಿಗೆ ವಾಪಸ್ ಹೋದರು. ಕೊನೆಯಲ್ಲಿ ಅತ್ತೆಯ ಎದುರು ಉಳಿದವಳು ನಾನೊಬ್ಬಳೇ.

ನನಗೆ ಏಕೆ ಆಗುತ್ತಿರಲಿಲ್ಲ ಅಂತ ಗೊತ್ತಿಲ್ಲ. ಒಂದು ದಿನ ಊಟದ ಹೊತ್ತಿನಲ್ಲಿ ಎಲ್ಲರೂ ಎದ್ದು ಹೋದ ಮೇಲೆ ಅತ್ತೆ ಬುಟ್ಟಿ ಪಕ್ಕಕ್ಕಿಟ್ಟು, ನನ್ನ ಹತ್ತಿರ ಬಂದು ಕೂತರು. ತಮ್ಮ ಹೋದ ಕಣ್ಣನ್ನು ತೋರಿಸಿ, "ಇದು ಹೋದಾಗ ನಾನು ಬಿಟ್ಕೊಂಡೇ ಹೊಡ್ದಿದ್ದೆ. ಆ ಭಯವ ನಿನಗೆ ಹಾಕಿದ್ದು ನಾನು. ಈಗ ನಾನೇ ತಗೀತಾ ಇವ್ನಿ, ಕೊಟ್ಬುಡು," ಅಂದರು. ಆಮೇಲೆ, ಬುತ್ತಿ ಬಿಚ್ಚುತ್ತಾ, ನನ್ನ ಕಡೆ ನೋಡದೆ ಹೇಳಿದರು. "ಆ ಸುತ್ಗೆ ಮಗೀಗೆ ಬ್ಯಾಡ. ಹಿಡಿ ಬಾಳ ಸಣ್ಣಗಾಗದೆ."

ಮಧ್ಯಾಹ್ನ ಕಲ್ಲು ಹಿಡಿದು ಕೂತೆ. ಸುತ್ತಿಗೆ ಎತ್ತಿ ಇಳಿಸಿದೆ. ಕಪ್ಪು ಕಲ್ಲು ಬಿರಿದು, ಅದರಿಂದ ಒಂದು ಚೂರು ಎದ್ದು ನನ್ನ ಕಡೆಗೇ ಬಂತು. ಅಷ್ಟು ವರ್ಷ ಅವುಗಳ ಜೊತೆ ಬದುಕಿದ್ದೆ, ಒಂದನ್ನೂ ನೋಡಿರಲಿಲ್ಲ. ಮೂಲೆಯಲ್ಲಿ ಸ್ವಲ್ಪ ಬಿಳಿ ಇತ್ತು. ಬಂದು, ಎಡಗಣ್ಣಿನ ಗಾಜಿಗೆ ಟಕ್ ಅಂತ ತಾಗಿ, ಮಡಿಲಿಗೆ ಬಿತ್ತು. ನಾನು ಅದನ್ನು ಎತ್ತಿಕೊಂಡು ನೋಡುತ್ತಾ ಕೂತುಬಿಟ್ಟೆ.

"ಏನಾಯ್ತಮ್ಮ?" ಅಂತ ಪರಶಿವಪ್ಪನವರು ದೂರದಿಂದ ಕೂಗಿದರು.

"ಬಂತು ಸ್ವಾಮಿ," ಅಂದೆ. "ನೋಡ್ದೆ."

ಅವರು ಓಡಿ ಬಂದರು. ಒಳ್ಳೇದು, ಒಳ್ಳೇದು ಅಂತ ಎರಡು ಸಲ ಅಂದು, ಕೈಮುಗಿದು ಹೋದರು. ನನಗೆ ಮುಗಿದರೋ ಚೂರಿಗೆ ಮುಗಿದರೋ ಗೊತ್ತಾಗಲಿಲ್ಲ.

ಆಯುಧಪೂಜೆಯ ದಿನ ಸುತ್ತಿಗೆಗಳನ್ನೂ ಗಾಗಲ್ಸನ್ನೂ ಒಟ್ಟಿಗೆ ಜೋಡಿಸಿ ಕುಂಕುಮ ಇಟ್ಟು, ಕುಂಬಳಕಾಯಿ ಒಡೆದೆವು. ಮಾಲೀಕರು ಬಂದು ಪೆಟ್ಟಿಗೆಗಳನ್ನು ವಿಚಾರಿಸಿದರು. ಒಬ್ಬೊಬ್ಬಳು ತುಂಬುವುದು ಮೊದಲಿಗಿಂತ ಸ್ವಲ್ಪ ಕಡಿಮೆಯೇ ಆಗಿತ್ತು. ಆದರೆ ಮೊದಲಿನ ಹಾಗೆ ಬೆರಳು ಅಂತ ಮನೆಯಲ್ಲಿ ಉಳಿಯುವವರು ಇರಲಿಲ್ಲ. ದಿನಾ ಅಷ್ಟೂ ಜನ ಬರುತ್ತಿದ್ದೆವು. ಒಟ್ಟು ನೋಡಿದರೆ ಮೊದಲಿನಷ್ಟೇ. ಮಾಲೀಕರಿಗೆ ಒಟ್ಟು ಬೇಕಿತ್ತು. ಅದು ಹೇಗೆ ಬಂತು ಅಂತ ಕೇಳಲಿಲ್ಲ. ಸಿಹಿ ಬೂಂದಿ ಪೊಟ್ಟಣ ತೆಗೆದುಕೊಂಡು ಕಾರು ಹತ್ತಿದರು. ಗುತ್ತಿಗೆಯವನು ಬರಲಿಲ್ಲ. ಪರಶಿವಪ್ಪನವರು ಇನ್ನೂ ಕೆಲವು ವರ್ಷ ಇದ್ದು, ಚಪ್ಪರಕ್ಕೆ ಶೀಟು ಹಾಕಿಸಿ, ಕುಡಿಯುವ ನೀರಿಗೆ ಕೊಳಾಯಿ ಹಾಕಿಸಿ, ಆಮೇಲೆ ಬೇರೆ ಗಣಿಗೆ ಹೋದರು. ಹೋಗುವಾಗ ಹಾರ ಹಾಕಲು ಬಿಡಲಿಲ್ಲ. ನಮ್ಮ ಗಣಿ ಮುಚ್ಚಿ ಈಗ ಬಹಳ ದಿನವಾಯಿತು. ಅತ್ತೆ ಅದಕ್ಕೂ ಮುಂಚೆಯೇ ಹೊರಟುಹೋದರು. ಶಾರದೆ ಹೈಸ್ಕೂಲಿಗೆ ಹೋದಳು, ಕಾಲೇಜಿಗೆ ಹೋದಳು. ಈಗ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ನಂಜಮ್ಮನ ಮಗನನ್ನು ಮೆಚ್ಚಿಕೊಂಡಿದ್ದೇನೆ ಅಂತ ಅವಳು ಬಂದು ಹೇಳಿದ ದಿನ, ನಂಜಮ್ಮ ಮತ್ತು ನಾನು, ನೀನೇ ಕೂಡಿಸಿದ್ದು ಅಂತ ಒಬ್ಬರ ಮೇಲೊಬ್ಬರು ಗುಮಾನಿ ಪಟ್ಟೆವು. ಇಬ್ಬರದೂ ತಪ್ಪಿರಲಿಲ್ಲ.

ಇದನ್ನೆಲ್ಲ ಬರೆಯುತ್ತಾ ಕೂತು ಕತ್ತಲಾಗುತ್ತಾ ಬಂತು. ಇವತ್ತು ಇಡೀ ಮನೆ ಒಟ್ಟಿಗೆ ಊಟ ಮಾಡಬೇಕು ಅಂತ ಯಜಮಾನರು ಹಟ ಹಿಡಿದರು. ಬಾಣಂತಿಗೆ ಕೋಣೆಯಲ್ಲೇ ಬಡಿಸಬೇಕು, ಪುರುಡು ಕಳೆಯಬೇಕು ಅಂತ ನಂಜಮ್ಮ ಅಂದಳು. ಅತ್ತೆ ಇದ್ದಿದ್ದರೂ ಅದನ್ನೇ ಅನ್ನುತ್ತಿದ್ದರು. ಕೊನೆಗೆ ಕೋಣೆಯ ಬಾಗಿಲು ತೆರೆದು, ಶಾರದೆಯ ತಟ್ಟೆಯನ್ನು ಹೊಸ್ತಿಲ ಒಳಗೆ, ನಮ್ಮ ತಟ್ಟೆಗಳನ್ನು ಹೊಸ್ತಿಲ ಹೊರಗೆ ಇಟ್ಟೆವು. ಹೀಗೆ ಶಾಸ್ತ್ರವೂ ಆಯಿತು, ಸಾಲೂ ಆಯಿತು. ಅವಳಿಗೆ ಬಿಸಿ ಅನ್ನ, ತುಪ್ಪ, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು. ನಮಗೆ ಅವರೆಕಾಳು ಸಾರು, ಮುದ್ದೆ, ಶಾವಿಗೆ ಪಾಯಸ. ಅಳಿಯ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಒಂದೇ ಕೈಯಲ್ಲಿ ಮುದ್ದೆ ಮುರಿಯುತ್ತಿದ್ದ.

"ಆ ಮೊಮ್ಮಗಳ ಕಥೆ ಎಷ್ಟು ಜನಕ್ಕೆ ಹೇಳ್ದೆ ಇವತ್ತು?" ಅಂತ ಯಜಮಾನರು ಕೇಳಿದರು.

"ಉಣ್ಣಿ ಸುಮ್ನೆ," ಅಂದೆ.

ನಾನು ಕೊನೆಯಲ್ಲಿ ಕೂರುವವಳು, ಬಡಿಸುತ್ತಾ ಬಂದೆ. ನಂಜಮ್ಮ ಚಪ್ಪಟೆ ಹೆಬ್ಬೆರಳಿನ ಎಡಗೈಯಲ್ಲಿ ತಟ್ಟೆಯ ಅಂಚು ಒತ್ತಿ ಹಿಡಿದು ಉಣ್ಣುತ್ತಿದ್ದಳು. ಹೊಸ್ತಿಲ ಹತ್ತಿರ ಬಂದಾಗ ಶಾರದೆ ಅನ್ನ ಕಲಸುತ್ತಿದ್ದಳು, ಇನ್ನೊಂದು ಕೈಯನ್ನು ಮೊಣಕಾಲಿನ ಮೇಲೆ ಚಾಚಿ ಇಟ್ಟಿದ್ದಳು. ದೀಪದ ಬೆಳಕು ನೇರವಾಗಿ ಆ ಕೈಯ ಮೇಲೆ ಬಿದ್ದಿತ್ತು. ಒಂದೂ ಗಾಯವಿಲ್ಲದ ಕೈ, ಎಲ್ಲ ಉಗುರೂ ನೆಟ್ಟಗಿದ್ದ ಕೈ. ಬೇಡ ಅಮ್ಮ, ಸಾಕು ಅಂತ ಅವಳು ಅದೇ ಕೈಯನ್ನು ತಟ್ಟೆಗೆ ಅಡ್ಡ ಹಿಡಿದಳು. ನಾನು ಅದರ ಪಕ್ಕದಿಂದ ಇನ್ನೊಂದು ಸೌಟು ಅನ್ನ ಬಡಿಸಿ, ನನ್ನ ತಟ್ಟೆ ತಂದುಕೊಂಡು ಅವಳ ಎದುರಿಗೆ ಉಣ್ಣಲು ಕೂತೆ.